ಮುತ್ಯಾನ ಅಂಬಾಸಡರ್‌ಗೆ ವಿಂಟೇಜ್ ರಿಜಿಸ್ಟ್ರೇಷನ್, ಏಜೆಂಟ್ ಸರ್ವಿಸ್‌ಗೆ ಒಂದೇ ಸ್ಟಾರ್
ನಮ್ಮ ಮುತ್ಯಾನ 1968ರ ಅಂಬಾಸಡರ್ ಅದರಿ, ವಿಂಟೇಜ್ ರಿಜಿಸ್ಟ್ರೇಷನ್ ಮಾಡಸ್ಬೇಕಂತ ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ಒಬ್ಬ ಏಜೆಂಟ್‌ಗ ಹಿಡ್ದಿದ್ದೆ, ಮೂರು ತಿಂಗಳು ಬರೇ ನಾಳಿ ಬರ್ರಿ ನಾಳಿ ಬರ್ರಿ, ಕಡೀಗಿ ಹಳೇ ನಂಬರ್ ಹೋಗ್ತದ, ವಿಂಟೇಜ್ ಗಾಡಿಗಂತನೇ ಇರೋ ವಿಎ ಸೀರೀಸ್ ನಂಬರೇ ತಗೋಬೇಕು ಅಂದ. ಸುಳ್ಳದು! ವಿಂಟೇಜ್ ಗಾಡಿ ಬಗ್ಗಿನ ಕೇಂದ್ರ ಸರ್ಕಾರದ 2021ರ ರೂಲ್ಸ್ ನಾನೇ ಕುಂತು ಓದ್ದೆ, ಗಾಡಿ ಮೊದಲ ರಿಜಿಸ್ಟರ್ ಆಗಿ 50 ವರ್ಷ ದಾಟಿರಬೇಕು, ಬಾಡಿ ಇಂಜಿನ್ ಭಾಳ ಬದಲಾಗಿರಬಾರ್ದು, ಮತ್ತ ಮೊದಲೇ ರಿಜಿಸ್ಟರ್ ಆದ ಗಾಡಿ ಹಳೇ ನಂಬರೇ ಇಟ್ಕೋಬಹುದು. ವಿಎ ನಂಬರ್ ಹೊಸದಾಗಿ ರಿಜಿಸ್ಟರ್ ಮಾಡ್ಸೋರಿಗೆ, ಅದಕ್ಕ ಫೀ 20,000. ನಮ್ಮ ಹಳೇ ನಂಬರ್ ಪ್ಲೇಟ್ ಮುತ್ಯಾ ಪೇಂಟರ್ ಮುಂದ ನಿಂತು ಬರೆಸಿದ್ದು, ಅದನ್ನ ಹೆಂಗ್ ಬಿಟ್ಟುಕೊಡ್ಲಿ ಹೇಳ್ರಿ. ಫಾರ್ಮ್ 20 (ರಿಜಿಸ್ಟ್ರೇಷನ್ ಅರ್ಜಿ), ಇನ್ಸೂರೆನ್ಸ್, ಹಳೇ ಆರ್‌ಸಿ ಜೋಡಿಸಿಕೊಂಡು ನೀವೇ ಅರ್ಜಿ ಹಾಕ್ರಿ. ಹಾಂ, ವಿಂಟೇಜ್ ಆದ್ಮ್ಯಾಗ ದಿನಾ ಓಡಸಂಗಿಲ್ಲ, ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ ಇಂಥಾದಕ್ಕಷ್ಟೇ.