ತಾರಸಿಯ ಮೇಲೆ ಆಕಾಶದ ಕ್ಯಾಮೆರಾ ನಿಲ್ಲಿಸುವವರು ಮೊದಲು ಮನೆಯ ಮೇನ್ ಬೋರ್ಡ್ ನೋಡಿಕೊಳ್ಳಿ

2024ರ ಜುಲೈ ಕೊನೆಯ ವಾರ. ಮೂರು ದಿನ ಬಿಡದೆ ಸುರಿದ ಪುಷ್ಯ ಮಳೆ ಅಂದು ಬೆಳಿಗ್ಗೆ ಸ್ವಲ್ಪ ಹೊಳವಾಗಿತ್ತು. ಅಮ್ಮ ತಾರಸಿಯ ತಂತಿಯ ಮೇಲೆ ನಾಲ್ಕು ಬಟ್ಟೆ ಹರವಿ ಬಂದರು. ಮತ್ತೆ ಮೋಡ ಕವಿಯಿತೆಂದು ಅಪ್ಪ ಬಟ್ಟೆ ತೆಗೆಯಲು ಹತ್ತಿದರು. ತಂತಿಗೆ ಕೈ ತಾಗಿದ್ದೇ ತಡ, ಹಿಂದಕ್ಕೆ ಎಸೆದಂತೆ ಬಿದ್ದರು. ಕಾಲಿನಲ್ಲಿ ರಬ್ಬರ್ ಚಪ್ಪಲಿ ಇತ್ತು, ಬೆರಳಿನ ಹಿಂಭಾಗ ಮಾತ್ರ ತಂತಿಗೆ ತಗುಲಿತ್ತು, ಅದಕ್ಕೇ ಬದುಕಿಕೊಂಡರು. ಮುಷ್ಟಿಯಲ್ಲಿ ಹಿಡಿದಿದ್ದರೆ ಕೈ ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ.

ಆ ತಂತಿಯ ಒಂದು ತುದಿಯನ್ನು ಅಮ್ಮ ಕಟ್ಟಿದ್ದು ನಾನು ನಿಲ್ಲಿಸಿದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ. ಪೈಪಿನ ತುದಿಯಲ್ಲಿದ್ದದ್ದು ನನ್ನ ಆಕಾಶದ ಕ್ಯಾಮೆರಾ, ರಾತ್ರಿಯಿಡೀ ತಾನಾಗಿ ಆಕಾಶದ ಚಿತ್ರ ತೆಗೆಯುವಂಥದ್ದು.

ಅದರ ಚಿತ್ರಗಳನ್ನು ನೋಡಿದವರು ಈಗಲೂ ನನ್ನನ್ನು ಕೇಳುತ್ತಾರೆ: ಯಾವ ಲೆನ್ಸ್, ಯಾವ ಡಬ್ಬಿ, ಎಷ್ಟು ಖರ್ಚು? ಕರೆಂಟು ಎಲ್ಲಿಂದ ತಂದಿರಿ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಊರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆಗೆ ಹತ್ತಿರ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಬೀಳುವ ಜಾಗದ ಮಗ್ಗುಲಲ್ಲಿ ಆಕಾಶದ ಕ್ಯಾಮೆರಾ ಇಡುವವನನ್ನು ಹುಚ್ಚನೆನ್ನಬೇಕು. ಆದರೆ ಮಳೆ ಮುಗಿದ ಮೇಲೆ, ಕಾರ್ತಿಕದಿಂದ ಶಿವರಾತ್ರಿಯವರೆಗೆ, ಅಲ್ಲಿ ಕಾಣುವಷ್ಟು ನಕ್ಷತ್ರ ನಾನು ಕೆಲಸ ಮಾಡುವ ಬೆಂಗಳೂರಿನಲ್ಲಿ ಕನಸಿನಲ್ಲೂ ಕಾಣುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ರಜೆ ಹಾಕಿ ಹೋಗಿ ಕಟ್ಟಿದೆ. ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್, ಅದಕ್ಕೇ ಹೊಂದುವ 12 ಮೆಗಾಪಿಕ್ಸೆಲ್ ಕ್ಯಾಮೆರಾ, ಇಡೀ ಆಕಾಶ ಒಂದೇ ವೃತ್ತದಲ್ಲಿ ಬೀಳುವ ಫಿಶ್‌ಐ ಲೆನ್ಸ್, ಮೇಲೊಂದು ಅಕ್ರಿಲಿಕ್ ಗುಮ್ಮಟ, ಎಲ್ಲವನ್ನೂ ಹೊತ್ತುಕೊಳ್ಳಲು ಆನ್‌ಲೈನ್‌ನಲ್ಲಿ ತರಿಸಿದ, ನೀರು, ಧೂಳು ನುಗ್ಗದೆಂಬ ಐಪಿ 67 ಗುರುತು ಮುದ್ರಿಸಿದ್ದ ಪ್ಲಾಸ್ಟಿಕ್ ಡಬ್ಬಿ. ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಸುಮಾರು 18,000 ರೂಪಾಯಿ ಕೈ ಬಿಟ್ಟಿತು.

30 ಸೆಕೆಂಡಿಗೊಂದರಂತೆ ಹತ್ತು ಗಂಟೆಯ ರಾತ್ರಿಗೆ 1,200 ಚಿತ್ರ. ಜೋಡಿಸಿದರೆ 48 ಸೆಕೆಂಡಿನ ವಿಡಿಯೊ. ಆ ವರ್ಷ ಡಿಸೆಂಬರ್ 13ರ ಹೊತ್ತಿಗೆ ಅಮಾವಾಸ್ಯೆಯ ಕತ್ತಲೆ ಇತ್ತು. ಮಿಥುನ ರಾಶಿಯ ಕಡೆಯಿಂದ ಬೀಳುವ ಜೆಮಿನಿಡ್ ಉಲ್ಕೆಗಳು ಒಂದೇ ರಾತ್ರಿ ನೂರಕ್ಕೂ ಹೆಚ್ಚು ಸಿಕ್ಕಿದವು. ನನ್ನ ಡಬ್ಬಿ ಗಟ್ಟಿ ಎಂಬ ಭ್ರಮೆ ಹುಟ್ಟಿದ್ದು ಆಗಲೇ. ಡಿಸೆಂಬರ್‌ನಲ್ಲಿ ತೆರೆದ ತಪ್ಪಲೆಯಲ್ಲಿಟ್ಟರೂ ಆ ಕ್ಯಾಮೆರಾ ಕೆಲಸ ಮಾಡುತ್ತಿತ್ತು ಎಂದು ಆಮೇಲೆ ಅರ್ಥವಾಯಿತು.

ಎಡವಿದ್ದು ಕರೆಂಟಿನ ವಿಷಯದಲ್ಲಿ. ಮೊದಲು ಮನೆಯೊಳಗಿನ ಮೊಬೈಲ್ ಚಾರ್ಜರ್‌ನಿಂದಲೇ 5 ವೋಲ್ಟನ್ನು 15 ಮೀಟರ್ ವೈರಿನಲ್ಲಿ ಮೇಲಕ್ಕೆ ತಂದಿದ್ದೆ. ತೆಳು ವೈರಿನಲ್ಲಿ ಅಷ್ಟು ದೂರ ಹೋಗಿ ಬರುವುದರಲ್ಲಿ ಮುಕ್ಕಾಲು ವೋಲ್ಟ್ ಸೋರಿಹೋಗುತ್ತದೆ. ರಾಸ್ಪ್‌ಬೆರಿ ಪೈ 4.63 ವೋಲ್ಟಿಗಿಂತ ಕೆಳಗಿಳಿದರೆ ಎಚ್ಚರಿಕೆ ಕೊಡುತ್ತದೆ, ಇನ್ನೂ ಇಳಿದರೆ ತಾನಾಗಿ ಆರಿ ಹೊತ್ತಿಕೊಳ್ಳುತ್ತದೆ. ಎರಡು ರಾತ್ರಿ ಹೀಗೆಯೇ ಕೆಟ್ಟವು. ರಜೆ ಮುಗಿಯುತ್ತಾ ಬಂದಿತ್ತು. ಬಚ್ಚಲುಮನೆಯ ದೀಪದ ಪಾಯಿಂಟಿನಿಂದ ಎರಡು ಎಳೆಯ ವೈರ್ ಎಳೆದು 230 ವೋಲ್ಟನ್ನೇ ತಾರಸಿಗೆ ಹತ್ತಿಸಿದೆ. ಚಾರ್ಜರನ್ನು ಇನ್ನೊಂದು ಸಣ್ಣ ಡಬ್ಬಿಯಲ್ಲಿಟ್ಟು ಕಂಬಕ್ಕೆ ಕಟ್ಟಿದೆ. ವೈರ್ ಜೋತಾಡಬಾರದು, ನೋಡಲು ಚೆನ್ನಾಗಿರಬೇಕು ಎಂದು ಪೈಪಿಗೆ ಡ್ರಿಲ್ಲಿನಲ್ಲಿ ತೂತು ಕೊರೆದು ಅದರೊಳಗಿಂದಲೇ ತಂದೆ. ತೂತಿನ ಅಂಚಿಗೆ ರಬ್ಬರ್ ಬುಶ್ ಹಾಕಲಿಲ್ಲ. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಎಳೆ ಇರಲಿಲ್ಲ. ಆ ಸಂಜೆ ನನಗೆ ಇವು ಯಾವುವೂ ತಪ್ಪೆಂದು ತೋರಲಿಲ್ಲ.

2024ರ ಮೇ ತಿಂಗಳಲ್ಲಿ ಕೃತ್ತಿಕಾ ಮಳೆ ಬಂತು. ಮಧ್ಯಾಹ್ನ ಸುಡುಬಿಸಿಲು, ಸಂಜೆ ಗುಡುಗು, ಅರ್ಧ ಗಂಟೆ ಜಡಿಮಳೆ. ಮರುದಿನ ಬೆಂಗಳೂರಿನಲ್ಲಿ ಕುಳಿತು ಚಿತ್ರ ತೆರೆದರೆ ಆಕಾಶದ ತುಂಬ ಮುತ್ತು ಪೋಣಿಸಿದಂತೆ ಹನಿಗಳು, ಅದೂ ಗುಮ್ಮಟದ ಒಳಗಡೆ! ಶನಿವಾರ ಬಸ್ ಹತ್ತಿ ಊರಿಗೆ ಹೋಗಿ, ಒರೆಸಿ, ಸಿಕ್ಕ ಸಂದಿಗೆಲ್ಲ ಸಿಲಿಕೋನ್ ಮೆತ್ತಿ ಬಂದೆ. ಹತ್ತು ದಿನದಲ್ಲಿ ಮತ್ತೆ ಹನಿ. ಮತ್ತೆ ಸಿಲಿಕೋನ್. ಅಮ್ಮ ನೋಡುವಷ್ಟು ನೋಡಿ, "ಭರಣಿಯನ್ನು ಬಿಸಿಲಿಗಿಟ್ಟು ಒಣಗಿಸದೆ ಎಷ್ಟು ಬಿಗಿಯಾಗಿ ಮುಚ್ಚಿದರೂ ಉಪ್ಪಿನಕಾಯಿಗೆ ಬೂಸ್ಟು ಬರುತ್ತದಪ್ಪಾ" ಎಂದರು. ನಾನು ನಕ್ಕುಬಿಟ್ಟೆ.

ಅಮ್ಮ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. 30 ಡಿಗ್ರಿಯಲ್ಲಿ ಪೂರ್ತಿ ತೇವಗೊಂಡ ಗಾಳಿ ಒಂದು ಘನ ಮೀಟರಿಗೆ ಸುಮಾರು 30 ಗ್ರಾಂ ನೀರನ್ನು ಹಿಡಿದಿರುತ್ತದೆ. ರಾತ್ರಿ 20 ಡಿಗ್ರಿಗೆ ಇಳಿದರೆ 17 ಗ್ರಾಂ ಮಾತ್ರ ಉಳಿದು, ಮಿಕ್ಕಿದ್ದು ಎಲ್ಲಕ್ಕಿಂತ ತಣ್ಣಗಿರುವ ಜಾಗ ಹುಡುಕಿ ಇಳಿಯುತ್ತದೆ. ಡಬ್ಬಿಯಲ್ಲಿ ಆ ಜಾಗ ಗುಮ್ಮಟವೇ. ನನ್ನ ಡಬ್ಬಿ ಮೂರು ಲೀಟರಿನದು. ಲೆಕ್ಕ ಹಾಕಿದರೆ ಒಂದೇ ಒಂದು ಹನಿ ನೀರು. ಗುಮ್ಮಟವಿಡೀ ಮಂಜು ಕಟ್ಟಲು ಅಷ್ಟು ಸಾಕು. ಮಳೆಗಾಲದ ಗಾಳಿಯಲ್ಲಿ ಮುಚ್ಚಳ ತೆರೆದು, ಒರೆಸಿ, ಬಿಗಿಯಾಗಿ ಮುಚ್ಚಿದಾಗಲೆಲ್ಲ ಆ ಹನಿಯನ್ನು ಒಳಗೆ ಸೆರೆಹಿಡಿಯುತ್ತಿದ್ದವನು ನಾನೇ.

ಇನ್ನೊಂದು ಸಂಗತಿ ಇದಕ್ಕಿಂತ ಕೆಟ್ಟದ್ದು. ಬಿಸಿಲಿಗೆ ಡಬ್ಬಿಯ ಒಳಗೆ 55 ಡಿಗ್ರಿ ಆಗಿದ್ದಾಗ ಮಳೆ ಹೊಡೆದು ಕೆಲವೇ ನಿಮಿಷದಲ್ಲಿ 25ಕ್ಕೆ ಇಳಿದರೆ ಒಳಗಿನ ಗಾಳಿಯ ಒತ್ತಡ ನೂರಕ್ಕೆ ಒಂಬತ್ತರಷ್ಟು ಬೀಳುತ್ತದೆ. ಅಂದರೆ ಡಬ್ಬಿಯನ್ನು ಸುಮಾರು 90 ಸೆಂಟಿಮೀಟರ್ ಆಳದ ನೀರಿನಲ್ಲಿ ಮುಳುಗಿಸಿದ ಹಾಗೆ. ಹೊರಗೆ ಮೈಮೇಲೆ ಮಳೆನೀರು, ಒಳಗೆ ಎಳೆಯುವ ಬಾಯಿ. ಕೂದಲೆಳೆಯ ಸಂದು ಸಿಕ್ಕರೂ ನೀರನ್ನು ಹೀರಿಕೊಳ್ಳುತ್ತದೆ. ಸಂದು ಸಿಗದಿದ್ದರೆ ವೈರಿನ ಹೊದಿಕೆಯ ಒಳಗಿನ ಎಳೆಗಳ ನಡುವಿನಿಂದಲೇ ಎಳೆದುಕೊಳ್ಳುತ್ತದೆ. ಐಪಿ 67 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುವುದು ನಿಜ. ಆದರೆ ಅದು ಕಾರ್ಖಾನೆಯಿಂದ ಬಂದ ಡಬ್ಬಿಯ ಮಾತು. ಗುಮ್ಮಟಕ್ಕೊಂದು, ವೈರಿಗೊಂದು ತೂತು ಕೊರೆದ ಮೇಲೆ ಆ ಮುದ್ರೆಗೆ ಕವಡೆಯ ಬೆಲೆ ಇಲ್ಲ. ಮಾರಿದವರನ್ನು ಬೈದು ಪ್ರಯೋಜನವಿಲ್ಲ.

ಜೂನ್‌ನಲ್ಲಿ ಲೆನ್ಸಿಗೆ ಬೂಸ್ಟು ಬಂತು, ಜೇಡರ ಬಲೆಯಂಥ ಎಳೆಗಳು. ಪೈ ಬೋರ್ಡಿನ ತಾಮ್ರ ಹಸಿರಾಯಿತು. ಇದಕ್ಕೆ ತೇವ ಒಂದೇ ಕಾರಣವಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಅಗ್ಗದ ಸಿಲಿಕೋನ್ ಒಣಗುವಾಗ ವಿನೆಗರ್ ವಾಸನೆ ಬಿಡುತ್ತದಲ್ಲ, ಅದು ಅಸಿಟಿಕ್ ಆಮ್ಲ. ಮುಚ್ಚಿದ ಡಬ್ಬಿಯೊಳಗೆ ಅದು ತಾಮ್ರವನ್ನು ತಿನ್ನುತ್ತದೆ. ಕೇಳಿ ತೆಗೆದುಕೊಳ್ಳುವುದಾದರೆ 'ನ್ಯೂಟ್ರಲ್' ಎಂದು ಬರೆದದ್ದನ್ನು ಕೇಳಿ. ಗುಮ್ಮಟವನ್ನು ಸ್ಪಿರಿಟ್ ಹಾಕಿ ಒರೆಸಿದ್ದೂ ನನ್ನದೇ ಜಾಣತನ. ಅಕ್ರಿಲಿಕ್ ಮೈತುಂಬ ಸಣ್ಣ ಸಣ್ಣ ಬಿರುಕು ಬಿಟ್ಟಿತು. ಸಾಬೂನು ನೀರು, ಮೆತ್ತನೆಯ ಬಟ್ಟೆ ಸಾಕಿತ್ತು. ಸಿಲಿಕಾ ಜೆಲ್ ಪೊಟ್ಟಣ ಹಾಕಿದರೆ ಆಯಿತಲ್ಲ ಎನ್ನುವವರಿಗೆ ಹೇಳುತ್ತೇನೆ: ಉಸಿರಾಡುತ್ತಿರುವ ಡಬ್ಬಿಯಲ್ಲಿ ಅದು ಕೆಲವೇ ದಿನಗಳಲ್ಲಿ ತುಂಬಿಹೋಗುತ್ತದೆ, ಆಮೇಲೆ ಬಿಸಿಲೇರಿದಾಗ ಕುಡಿದ ನೀರನ್ನು ಅಲ್ಲಿಯೇ ವಾಪಸು ಕಕ್ಕುತ್ತದೆ.

ಆ ಎರಡು ತಿಂಗಳು ನನಗಿದ್ದದ್ದು ಲೆನ್ಸಿನ ಚಿಂತೆ ಮಾತ್ರ. ಮೇಲಿನ ಡಬ್ಬಿಗೇ ನೀರು ನುಗ್ಗುತ್ತಿದ್ದರೆ ಕೆಳಗೆ ಚಾರ್ಜರ್ ಇಟ್ಟ ಡಬ್ಬಿಯ ಗತಿ ಏನು ಎಂದು ಒಮ್ಮೆಯೂ ತೆರೆದು ನೋಡಲಿಲ್ಲ. ಅದರಲ್ಲಿ ಎರಡು ಬೆರಳು ನೀರು ನಿಂತಿತ್ತು. ಗಾಳಿಗೆ ವೈರ್ ಅಲುಗಿ ಅಲುಗಿ ಪೈಪಿನ ತೂತಿನ ಅಂಚಿಗೆ ಅದರ ಮೈ ಸವೆದು ತಾಮ್ರ ಕಾಣುತ್ತಿತ್ತು. ಕರೆಂಟು ತರುವ ಫೇಸ್ ಎಳೆಯೇ. ಅದು ಪೈಪಿಗೆ ತಾಗಿ, ಪೈಪಿನಿಂದ ಬಟ್ಟೆಯ ತಂತಿಗೆ ಕರೆಂಟು. ಮೂರು ದಿನ ಊರಿಗೆ ಕರೆಂಟಿರಲಿಲ್ಲ, ಹಾಗಾಗಿ ಅಮ್ಮ ಬೆಳಿಗ್ಗೆ ಒದ್ದೆ ಬಟ್ಟೆ ಹರವಿದಾಗ ಏನೂ ಆಗಲಿಲ್ಲ. ಹತ್ತು ಗಂಟೆಗೆ ಕರೆಂಟು ಬಂತು. ಹನ್ನೊಂದಕ್ಕೆ ಅಪ್ಪ ಮೇಲೆ ಹೋದರು.

ಫ್ಯೂಸ್ ಹೋಗಲಿಲ್ಲವೇ, ಎಂಸಿಬಿ ಬೀಳಲಿಲ್ಲವೇ ಎಂದು ಎಲ್ಲರೂ ಕೇಳಿದರು. ಬೀಳುವುದಿಲ್ಲ. ಮನೆಯ ಎಂಸಿಬಿ ಆರು, ಹತ್ತು, ಹದಿನಾರು ಆಂಪಿಯರ್ ಮೀರಿದರೆ ಬೀಳುವಂಥದ್ದು. ಅದು ವೈರ್ ಸುಡದಂತೆ ಕಾಯುತ್ತದೆ, ಮನುಷ್ಯನನ್ನಲ್ಲ. ಎದೆಯ ಮೂಲಕ ಹರಿದರೆ ಒಂದು ಆಂಪಿಯರಿನ ಹತ್ತನೆಯ ಒಂದು ಭಾಗ ಕೂಡ ಹೃದಯವನ್ನು ನಿಲ್ಲಿಸಬಹುದು. ಮನುಷ್ಯನನ್ನು ಕಾಯಲೆಂದೇ ಇರುವುದು 30 ಮಿಲಿಆಂಪಿಯರ್ ಸೋರಿದರೆ ತಟ್ಟನೆ ಬೀಳುವ ಆರ್‌ಸಿಸಿಬಿ. ಅಂಗಡಿಗಳಲ್ಲಿ ಈಗಲೂ ಇಎಲ್‌ಸಿಬಿ ಎಂದೇ ಕರೆಯುತ್ತಾರೆ. ನಮ್ಮ ಮನೆಯಲ್ಲಿ ಅದು ಇರಲಿಲ್ಲ. ಹಳೆಯ ಮನೆಗಳಲ್ಲಿ ಬಹುಪಾಲು ಇರುವುದಿಲ್ಲ. ನಿಮ್ಮ ಮೇನ್ ಬೋರ್ಡಿನಲ್ಲಿ 'ಟಿ' ಎಂದು ಬರೆದ ಸಣ್ಣ ಗುಂಡಿ ಇದೆಯೇ ನೋಡಿ. ಇದ್ದರೆ ಒತ್ತಿ. ಒತ್ತಿದಾಗ ಕರೆಂಟು ಹೋಗದಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಆಸ್ಪತ್ರೆಯಲ್ಲಿ ಇಸಿಜಿ ಮಾಡಿ ಒಂದು ರಾತ್ರಿ ಇರಿಸಿಕೊಂಡು ಕಳಿಸಿದರು. ನಾನು ತಲುಪುವಷ್ಟರಲ್ಲಿ ಅಪ್ಪ ಅಂಗಳದಲ್ಲಿ ಕುಳಿತು ಕವಳ ಹಾಕುತ್ತಿದ್ದರು. ಬಲಗೈಯ ಎರಡು ಬೆರಳಿನ ಹಿಂದೆ ಸುಟ್ಟ ಗೆರೆ. "ನಿನ್ನ ನಕ್ಷತ್ರ ಹಗಲಿನಲ್ಲೇ ಕಂಡಿತು ಮಾರಾಯಾ" ಎಂದರು. ಅವರು ಬೈದಿದ್ದರೆ ಒಳ್ಳೆಯದಿತ್ತು.

ಮೊದಲು ಮಾಡಿಸಿದ್ದು ಹೊಸ ಅರ್ಥಿಂಗ್ ಮತ್ತು ಆರ್‌ಸಿಸಿಬಿ. ಕ್ಯಾಮೆರಾ ಮತ್ತೆ ಬೇಡವೆಂದೇ ಇದ್ದೆ. ಸೆಪ್ಟೆಂಬರ್ ಕೊನೆಗೆ ಸೂಚಿನ್‌ಶಾನ್-ಅಟ್ಲಾಸ್ ಧೂಮಕೇತು ಬೆಳಗಿನ ಜಾವ ಕಾಣುತ್ತದೆ ಎಂದಾಗ ಅಪ್ಪನೇ "ನಿನ್ನ ಡಬ್ಬಿ ಎಲ್ಲಿ?" ಎಂದರು. (ಧೂಮಕೇತು ಸಿಗಲಿಲ್ಲ. ದಿಗಂತದಲ್ಲೇ ಉಳಿಯಿತು, ನಮಗೆ ದಿಗಂತವೆಂದರೆ ಅಡಿಕೆ ಮರದ ತಲೆ.)

ಈ ಸಲ 230 ವೋಲ್ಟ್ ಮನೆಯ ಗೋಡೆ ದಾಟುವುದಿಲ್ಲ. ಒಳಗೆ ಮಾಡಿನ ಕೆಳಗೆ 12 ವೋಲ್ಟಿನ ಸಪ್ಲೈ ಇದೆ, ಮೇಲೆ ಬರುವುದು ಆ 12 ವೋಲ್ಟ್ ಮಾತ್ರ. ಅದೇ 15 ಮೀಟರ್‌ನಲ್ಲಿ ಅರ್ಧ ವೋಲ್ಟ್ ಸೋರಿದರೂ ಚಿಂತೆಯಿಲ್ಲ, ಡಬ್ಬಿಯೊಳಗಿನ ಸಣ್ಣ ಪರಿವರ್ತಕ ಅದನ್ನು 5 ವೋಲ್ಟಿಗೆ ಇಳಿಸಿಕೊಡುತ್ತದೆ. ಒಂದು ವರ್ಷ ಮೊದಲೇ ಇದನ್ನು ಮಾಡಬಹುದಿತ್ತು. ಪರಿವರ್ತಕದ ಬೆಲೆ ನೂರೈವತ್ತು ರೂಪಾಯಿ. ಕಂಬ ಕಬ್ಬಿಣದ್ದಲ್ಲ, ದಪ್ಪ ಪಿವಿಸಿ. ವೈರ್ ಡಬ್ಬಿಯ ತಳದಿಂದ, ವೈರನ್ನು ಬಿಗಿಹಿಡಿದು ನೀರು ತಡೆಯುವ ಗ್ಲ್ಯಾಂಡ್ ಮೂಲಕ ಹತ್ತುತ್ತದೆ. ಅದಕ್ಕೂ ಮೊದಲು ಕೆಳಕ್ಕೆ ಜೋತು ಬಿದ್ದು ಒಂದು ಬಾಗು ತೆಗೆದುಕೊಳ್ಳುತ್ತದೆ, ಹರಿದು ಬಂದ ಮಳೆನೀರು ಅಲ್ಲಿಯೇ ತೊಟ್ಟಿಕ್ಕಿ ಹೋಗಲೆಂದು. ತಳದಲ್ಲಿ ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ಪೊರೆಯ ಬಿರಡೆ ಹಾಕಿದ್ದೇನೆ. ಅಜ್ಜಿ ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದರಲ್ಲ, ಅದೇ ಉಪಾಯ. ಗುಮ್ಮಟದ ಬುಡದಲ್ಲಿ ಸುತ್ತಲೂ 4.7 ಓಮಿನ ಎಂಟು ರೆಸಿಸ್ಟರ್‌ಗಳ ಸರ. 12 ವೋಲ್ಟಿಗೆ ಅದು ನಾಲ್ಕು ವಾಟಿನಷ್ಟು ಬೆಚ್ಚಗಾಗಿ ಮಂಜು ಕೂರಲು ಬಿಡುವುದಿಲ್ಲ.

ಗುಡುಗಿನ ಸಂಜೆಗಳಲ್ಲಿ ಅಪ್ಪ ಒಳಗಿನ ಪ್ಲಗ್ ಕಿತ್ತಿಡುತ್ತಾರೆ. ಮೃಗಶಿರ ಮಳೆ ಹಿಡಿಯಿತೆಂದರೆ ಡಬ್ಬಿಯನ್ನೇ ಇಳಿಸಿ ಒಲೆಯ ಮೇಲಿನ ಅಟ್ಟಕ್ಕೆ ಹಾಕುತ್ತೇವೆ, ನವರಾತ್ರಿಯ ತನಕ ಅಲ್ಲಿಯೇ. 2025ರ ಸೆಪ್ಟೆಂಬರ್ 7ರ ಪೂರ್ಣ ಚಂದ್ರಗ್ರಹಣ ಹಾಗಾಗಿ ತಪ್ಪಿತು. ತಪ್ಪಲಿ.

ಬಟ್ಟೆಯ ತಂತಿಯ ಜಾಗದಲ್ಲಿ ಈಗ ನೈಲಾನ್ ಹಗ್ಗ ಇದೆ, ಕ್ಯಾಮೆರಾ ಇರುವ ಮೂಲೆಯಿಂದ ದೂರದಲ್ಲಿ. ಅಮ್ಮ ಅದಕ್ಕೂ ಬಟ್ಟೆ ಹಾಕುವುದಿಲ್ಲ. ಅಂಗಳದ ಬೇಲಿಯ ಮೇಲೆ ಹರವುತ್ತಾರೆ.