ಊಲಾಂಗ್ ಟೀ ಬ್ಯಾಗ್: ಎರಡನೇ ಕಪ್ ಎಲ್ಲಿ ಹೋಯ್ತು?

ಗ್ರೀನ್ ಟೀಗೂ ಕಪ್ಪು ಟೀಗೂ ನಡುವಿನ ಈ ಊಲಾಂಗ್ ಟೀಗೆ ನಾನು ಅಂಟಿಕೊಂಡಿದ್ದೇ ಅದೇ ಬ್ಯಾಗಿನಿಂದ ಸಿಗುತ್ತಿದ್ದ ಎರಡನೇ ಕಪ್‌ಗಾಗಿ. ಅದನ್ನೇ ಈಗ ಕಂಪನಿಯವರು ಕಿತ್ತುಕೊಂಡಿದ್ದಾರೆ, ಅದೂ ಡಬ್ಬಿ ಮೇಲೆ 'ಹೊಸ ಪ್ಯಾಕಿಂಗ್' ಅಂತ ದೊಡ್ಡದಾಗಿ ಬರೆದು.

ಮೊದಲಿನ ಬ್ಯಾಗು ಮೂರು ಮೂಲೆಯ ಜಾಲರಿಯದು. ಒಳಗೆ ಗುಂಡಗೆ ಸುತ್ತಿದ ಎಲೆಯ ಸಣ್ಣ ಕಾಳುಗಳು. ಬಿಸಿನೀರು ಬಿದ್ದ ಮೇಲೆ ಒಂದೊಂದಾಗಿ ಬಿಚ್ಚಿಕೊಂಡು, ಕೊನೆಗೆ ನೋಡಿದರೆ ಚೀಲದ ತುಂಬ ಎಲೆಯೇ ಎಲೆ.

ಕಲಬುರಗಿಯಲ್ಲಿ ಬೇಸಿಗೆ ಅಂದ್ರೆ 40 ಡಿಗ್ರಿ ದಾಟೋದು ಮಾಮೂಲು. ಆ ಹೊತ್ತಲ್ಲಿ ಹಾಲು ಹಾಕಿ ಕುದಿಸಿದ ಖಡಕ್ ಚಾ ನನಗೆ ಆಗೋದಿಲ್ಲ, ಕುಡಿದ ಕೂಡಲೇ ಎದೆ ಉರಿ. ಗ್ರೀನ್ ಟೀ ಕಹಿ. ಊಲಾಂಗ್ ಎಲೆಯನ್ನು ಅರ್ಧಕ್ಕೆ ಮಾಗಿಸಿ ನಿಲ್ಲಿಸುತ್ತಾರೆ, ಕಪ್ಪು ಟೀಯಷ್ಟು ಪೂರ್ತಿ ಅಲ್ಲ, ಗ್ರೀನ್ ಟೀಯಷ್ಟು ಹಸಿಯೂ ಅಲ್ಲ. ನಾಲಿಗೆಗೆ ಅದು ಸರಿಹೋಯಿತು.

ನಾಲ್ಕು ಗಂಟೆಗೆ ಕಿಟಕಿ ಹಾಕಿ, ಕೂಲರ್ ಹಚ್ಚಿ, ಕೆಟಲ್ ಇಡುತ್ತೇನೆ. ನೀರು ಮಾತ್ರ ಫಿಲ್ಟರ್‌ದೇ ಆಗಬೇಕು. ನಮ್ಮ ಬೋರ್ ನೀರಿನ ಗಡಸು ನಿಮಗೆ ಗೊತ್ತಲ್ವಾ, ಕೆಟಲ್ ತಳದಲ್ಲಿ ಬಿಳಿ ಪದರ ಕಟ್ಟುತ್ತೆ, ಅದೇ ನೀರಲ್ಲಿ ಟೀ ಮಾಡಿದ್ರೆ ಬಣ್ಣ ಮಂಕಾಗಿ ಮೇಲೆ ತೆಳ್ಳಗೆ ಕೆನೆಯಂಥದ್ದು ತೇಲುತ್ತೆ. ನೀರು ಕುದ್ದ ಮೇಲೆ ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಬಿಡುತ್ತೇನೆ, ಸುಮಾರು 90 ಡಿಗ್ರಿಗೆ ಇಳಿದರೆ ಸಾಕು. ಆಮೇಲೆ ಕಪ್ಪಿಗೆ ಹಾಕಿ ಮೇಲೆ ಬಸಿ ಮುಚ್ಚಿ 3 ನಿಮಿಷ. ಬಸಿ ಎತ್ತಿದಾಗ ಅದರ ಕೆಳಗೆ ಕೂತ ಹಬೆಯ ಹನಿಯನ್ನು ಮೊದಲು ಮೂಸಬೇಕು. ಹಂಚಿನ ಮೇಲೆ ಜೋಳದ ರೊಟ್ಟಿಯ ಅಂಚು ಸುಟ್ಟಾಗ ಬರೋ ವಾಸನೆ, ಅದರ ಹಿಂದೆ ಎಲ್ಲೋ ಹೂವಿನದು. ಮೊದಲ ಕಪ್ ಬರೀ ಪೀಠಿಕೆ. ಅದೇ ಬ್ಯಾಗಿಗೆ ಮತ್ತೆ ನೀರು ಹೊಯ್ದು ಇನ್ನೊಂದು ನಿಮಿಷ ಜಾಸ್ತಿ ಬಿಟ್ಟರೆ, ಕುಡಿದು ಮುಗಿಸಿದ ಮೇಲೂ ಗಂಟಲಲ್ಲಿ ಸಿಹಿ ನಿಲ್ಲುತ್ತಿತ್ತು.

ಅತ್ತೆ ಮಾತ್ರ ಇವತ್ತಿಗೂ ಒಪ್ಪಿಲ್ಲ. "ಹಾಲಿಲ್ಲ, ಸಕ್ರಿ ಇಲ್ಲ, ಇದೆಂಥಾ ಚಾನವ್ವಾ?" ಅಂತಾರೆ.

ಈಗ ಬಂದಿರೋ ಹೊಸ ಬ್ಯಾಗು ಚಪ್ಪಟೆ ಪೇಪರ್‌ದು. ಸುಮ್ನೆ ಕತ್ತರಿಸಿ ನೋಡಿದೆ, ಒಳಗೆ ಎಲೆಯೇ ಇಲ್ಲ, ಬರೀ ಪುಡಿ. ಪುಡಿಗೆ ಬಿಚ್ಚಿಕೊಳ್ಳೋದಕ್ಕೆ ಏನಿದೆ? ಇದ್ದದ್ದೆಲ್ಲ ಮೊದಲ ನೀರಿಗೇ ಬಿಟ್ಟುಬಿಡುತ್ತೆ. 3 ನಿಮಿಷಕ್ಕೆ ನಾಲಿಗೆ ಒಗರು, ಒಂದೂವರೆ ನಿಮಿಷಕ್ಕೆ ತೆಗೆದರೆ ಕುಡಿಯಬಹುದು. ಎರಡನೇ ಸಲ ನೀರು ಹಾಕಿದರೆ ಬಣ್ಣದ ನೀರು, ಅಷ್ಟೇ. ಬೆಲೆ ಒಂದು ರೂಪಾಯಿಯೂ ಇಳಿದಿಲ್ಲ. ಮೊದಲು ಒಂದು ಬ್ಯಾಗಿಗೆ ಎರಡು ಕಪ್ ಅಂತ ಲೆಕ್ಕ ಹಾಕಿ ಮನಸ್ಸಿಗೆ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಈಗ ಆ ಲೆಕ್ಕವೂ ಕೈಕೊಟ್ಟಿತು.

ಕಂಪನಿಗೆ ಬರೆದೆ. ಪ್ಲಾಸ್ಟಿಕ್ ಬಿಟ್ಟಿದ್ದೇವೆ ಅಂತ ಉತ್ತರ ಬಂತು. ಈ ಮಾತನ್ನು ತಳ್ಳಿಹಾಕೋಕೆ ಆಗೋದಿಲ್ಲ ನೋಡಿ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ಲಾಸ್ಟಿಕ್ ಜಾಲರಿ ಬ್ಯಾಗನ್ನು 95 ಡಿಗ್ರಿ ನೀರಲ್ಲಿ ಅದ್ದಿ ನೋಡಿದ್ದರು. ಒಂದೇ ಬ್ಯಾಗಿನಿಂದ ಒಂದು ಕಪ್ಪಿಗೆ ಸುಮಾರು 1,160 ಕೋಟಿ ಸೂಕ್ಷ್ಮ ಪ್ಲಾಸ್ಟಿಕ್ ಕಣ ಬಿದ್ದವಂತೆ. ನಾನು ಅಷ್ಟು ಪ್ರೀತಿಯಿಂದ ಕುಡಿದ ಎರಡನೇ ಕಪ್‌ನಲ್ಲಿ ಏನೇನಿತ್ತೋ! ಹಾಗಾಗಿ ಪೇಪರ್ ಮೇಲೆ ನನ್ನ ಸಿಟ್ಟಿಲ್ಲ. ಪೇಪರ್ ಒಳಗೆ ಪುಡಿ ತುಂಬಿದ್ದಕ್ಕೆ ಸಿಟ್ಟು. ದೊಡ್ಡ ಪೇಪರ್ ಚೀಲ ಮಾಡಿ ಎಲೆಯನ್ನೇ ಹಾಕಬಹುದಿತ್ತಲ್ವಾ?

ಉಳಿದ ಬ್ಯಾಗುಗಳನ್ನು ಎಸೆಯೋಕೆ ಮನಸ್ಸು ಬರಲಿಲ್ಲ. ರಾತ್ರಿ ಒಂದು ಲೀಟರ್ ತಣ್ಣೀರಿನ ಬಾಟಲಿಗೆ ನಾಲ್ಕು ಬ್ಯಾಗು ಇಳಿಬಿಟ್ಟು ಫ್ರಿಜ್‌ನಲ್ಲಿಟ್ಟೆ. ಬೆಳಗ್ಗೆ ನೋಡಿದರೆ ಒಗರೇ ಇಲ್ಲ, ತಿಳಿ ಹಳದಿ ಬಣ್ಣ, ಆ ಹೂವಿನ ವಾಸನೆ ವಾಪಸ್ ಬಂದಿದೆ. ತಣ್ಣೀರಿಗೆ ಒಗರು ಅಷ್ಟು ಬೇಗ ಬಿಡೋದಿಲ್ಲ, ಅದಕ್ಕೇ ಪುಡಿಯಾದರೂ ನಡೆಯುತ್ತೆ. ಮಧ್ಯಾಹ್ನ ಬಿಸಿಲಲ್ಲಿ ಸುತ್ತಿ ಬಂದವರಿಗೆ ಇದು ಮಜ್ಜಿಗೆ ಆದಮೇಲಿನ ಜಾಗ ಹಿಡಿಯುತ್ತೆ. ಅತ್ತೆ ಒಂದು ಲೋಟ ಕುಡಿದು ಏನೂ ಅನ್ನಲಿಲ್ಲ, ಇನ್ನೊಂದು ಲೋಟ ಕೇಳಿದರು.

ಫ್ರಿಜ್ ಬಾಟಲಿಗಾದರೆ ತಗೊಳ್ಳಿ, ಅದೂ ಆಫರ್ ಇದ್ದಾಗ. ಬಿಸಿ ಕುಡಿಯೋರಾದ್ರೆ ಈ ಡಬ್ಬಿ ಬೇಡ. ನಾನು 100 ಗ್ರಾಂ ಬಿಡಿ ಎಲೆ ಆರ್ಡರ್ ಮಾಡಿದ್ದೇನೆ. ಕಪ್ಪಿಗೆ 3 ಗ್ರಾಂ ಅಂದ್ರೂ ಮೂವತ್ತು ದಾಟಿ ಬರುತ್ತೆ. ಜೊತೆಗೆ ಮನೆಯಲ್ಲಿರೋ ಸ್ಟೀಲ್ ಜರಡಿ ಸಾಕು.