8 ರೂಪಾಯಿಯ ಸೈಲೇಜ್, 9 ರೂಪಾಯಿಯ ಸೈಲೇಜ್: ಯಾವುದು ಅಗ್ಗ?

ಬೇಸಿಗೆ ಬಂತೆಂದರೆ ನಮ್ಮ ಚಿಂತಾಮಣಿ ಕಡೆ ಹಸಿ ಮೇವಿಗೆ ಪರದಾಟ. ಬೋರ್‌ವೆಲ್ ನೀರು ಟೊಮೆಟೊಗೆ ಹೋದ ಮೇಲೆ ಸೀಮೆಹುಲ್ಲಿಗೆ ಉಳಿಯುವುದು ಅಷ್ಟರಲ್ಲೇ ಇದೆ. ಹಾಗಾಗಿ ಈ ಸಲ ಕರೆಯುವ ನಾಲ್ಕು ಹಸುಗಳಿಗೆ ಮುಸುಕಿನ ಜೋಳದ ಸೈಲೇಜ್ ಬೇಲ್ ತರಿಸಿದೆ. ಸೈಲೇಜ್ ಅಂದರೆ ಹಸಿ ಮೇವನ್ನು ಕತ್ತರಿಸಿ, ಗಾಳಿಯಾಡದಂತೆ ಒತ್ತಿ ಹುಳಿ ಬರಿಸಿಟ್ಟದ್ದು; ಅದನ್ನು ಪ್ಲಾಸ್ಟಿಕ್ ಸುತ್ತಿ ಬಿಗಿದ ಕಟ್ಟೇ ಬೇಲ್. ಇಬ್ಬರ ಹತ್ತಿರ ತರಿಸಿದೆ, ಇಬ್ಬರ ಹೆಸರೂ ಇಲ್ಲಿ ಹಾಕುವುದಿಲ್ಲ. ಒಬ್ಬರದು ಕೆಜಿಗೆ 8 ರೂಪಾಯಿ, ಇನ್ನೊಬ್ಬರದು 9. ಎರಡೂ ಮನೆ ಬಾಗಿಲಿಗೆ ಇಳಿಸಿದ ರೇಟು. ಮೊದಲೇ ಹೇಳಿಬಿಡುತ್ತೇನೆ, 9 ರೂಪಾಯಿಯದೇ ಅಗ್ಗ.

8 ರೂಪಾಯಿಯ ಬೇಲ್ ಬಿಚ್ಚಿದಾಗ ಒಳಗಿನದು ಒದ್ದೆ ಒದ್ದೆ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿದೆ. ರಸ ಬೆರಳ ಸಂದಿಯಿಂದ ಇಳಿದು ಮುಂಗೈವರೆಗೆ ಬಂತು. ಕೈ ಬಿಟ್ಟರೂ ಉಂಡೆ ಉಂಡೆಯಾಗಿಯೇ ಕೂತಿತ್ತು. ಹೀಗಾದರೆ ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರಿದೆ ಎಂದೇ ಲೆಕ್ಕ. ಸರಿಯಾದ ಸೈಲೇಜ್ ಆದರೆ ಅಂಗೈ ಸ್ವಲ್ಪ ತೇವ ಆಗುತ್ತದೆ, ಉಂಡೆ ನಿಧಾನವಾಗಿ ಬಿಡಿಸಿಕೊಳ್ಳುತ್ತದೆ. ಬೇಲ್ ಇಟ್ಟ ಜಾಗದಲ್ಲಿ ಸಿಮೆಂಟ್ ನೆಲದ ಮೇಲೆ ಕಂದು ನೀರು, ಅದರ ಸುತ್ತ ನೊಣ. ಆ ನೀರಿನ ಜೊತೆ ಮೇವಿನ ಸಕ್ಕರೆ, ಪ್ರೋಟೀನ್ ಕೂಡ ಹರಿದು ಹೋಗುತ್ತದೆ. ಒಂದೆರಡು ಬೇಲ್‌ಗಳಲ್ಲಿ ಹುಳಿ ವಾಸನೆಯ ಬದಲು ಹಳಸಿದ ಬೆಣ್ಣೆಯ ನಾತ. ಮೇವು ತೀರಾ ಹಸಿ ಇದ್ದಾಗ ಬೇಡದ ಬ್ಯಾಕ್ಟೀರಿಯಾ ಸೇರಿಕೊಂಡರೆ ಬರುವ ನಾತ ಅದು.

ಮಾರಿದವರಿಗೆ ಫೋನ್ ಮಾಡಿದೆ. "ಹಸಿ ಇದ್ದಷ್ಟೂ ಹಾಲು ಜಾಸ್ತಿ ಅಕ್ಕ" ಅಂದರು. ಏನು ಹೇಳುವುದು?

ಡೈರಿಗೆ ಹಾಲು ಹಾಕುವವರಿಗೆ ಈ ಮಾತು ನಗು ತರಿಸಬೇಕು. ಫ್ಯಾಟ್ ಶೇ 3.5, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಶೇ 8.5 ಅಂದರೆ ನೂರು ಕೆಜಿ ಹಾಲಿನಲ್ಲಿ 12 ಕೆಜಿ ಗಟ್ಟಿ ಪದಾರ್ಥ, ಉಳಿದದ್ದೆಲ್ಲ ನೀರು. ಆ ಗಟ್ಟಿ ಪದಾರ್ಥ ಸ್ವಲ್ಪ ಇಳಿದರೂ ನಮ್ಮ ರೇಟಿಗೆ ಕತ್ತರಿ ಬೀಳುತ್ತದೆ. ನಾವು ಮೇವು ಕೊಳ್ಳುವಾಗ ಮಾತ್ರ ಬರೀ ತೂಕದ ಚೀಟಿ ನೋಡಿ ದುಡ್ಡು ಎಣಿಸುತ್ತೇವೆ. ಮೇವಿನಲ್ಲೂ ನೀರು ಕಳೆದು ಉಳಿಯುವ ಡ್ರೈ ಮ್ಯಾಟರೇ ಅಲ್ವಾ ಹಸುವಿಗೆ ಸಿಗುವುದು? ರಾಗಿ ಹುಲ್ಲಿನಲ್ಲಿ ಅದು ಸುಮಾರು ಶೇ 90. ಹಸಿ ಸೀಮೆಹುಲ್ಲಿನಲ್ಲಿ ಶೇ 15ರಿಂದ 20. ಒಳ್ಳೆಯ ಮುಸುಕಿನ ಜೋಳದ ಸೈಲೇಜಿನಲ್ಲಿ ಶೇ 30ರಿಂದ 35 ಇರಬೇಕು.

ಮಗಳ ಮೈಕ್ರೋವೇವ್ ಅಡುಗೆಮನೆಯಲ್ಲಿ ಸುಮ್ನೆ ಕೂತಿತ್ತು. ಬೇಲಿನ ಮಧ್ಯಕ್ಕೆ ಕೈ ಹಾಕಿ ಮೇವು ತೆಗೆದು, ಅಡುಗೆ ತಕ್ಕಡಿಯಲ್ಲಿ ಸರಿಯಾಗಿ 100 ಗ್ರಾಂ ತೂಗಿದೆ. ಪಿಂಗಾಣಿ ತಟ್ಟೆಯಲ್ಲಿ ತೆಳ್ಳಗೆ ಹರಡಿದೆ. ಮೇವು ಹೊತ್ತಿಕೊಳ್ಳದಂತೆ ಮೂಲೆಯಲ್ಲಿ ಒಂದು ಗಾಜಿನ ಲೋಟ ನೀರು ಇಡಬೇಕು, ಇದನ್ನು ಮರೆಯಬೇಡಿ. ಮೊದಲು ಎರಡು ಮೂರು ನಿಮಿಷ. ತೆಗೆದು ಕೈಯಾಡಿಸಿ ತೂಕ. ಆಮೇಲೆ ಒಂದೊಂದೇ ನಿಮಿಷ, ಪ್ರತಿ ಸಲ ತೂಕ. ತೂಕ ಇಳಿಯುವುದು ನಿಂತರೆ ಮುಗಿಯಿತು, ಉಳಿದಷ್ಟು ಗ್ರಾಮೇ ನಿಮ್ಮ ಶೇಕಡಾ ಲೆಕ್ಕ. ಹುಳಿಯ ಅಂಶವೂ ಸ್ವಲ್ಪ ಹಾರಿಹೋಗುವುದರಿಂದ ನಿಜವಾದ ಅಂಕಿ ಇದಕ್ಕಿಂತ ಚೂರು ಮೇಲೇ ಇರುತ್ತದೆ. ಎರಡು ಬೇಲ್ ಹೋಲಿಸುವುದಕ್ಕೆ ಇಷ್ಟು ಸಾಕು. ಮನೆಯೆಲ್ಲ ಹುಳಿ ಹುಳಿ ವಾಸನೆ ಬಂತು, ಕಿಟಕಿ ತೆಗೆದಿಡಿ.

8 ರೂಪಾಯಿಯದು 24 ಗ್ರಾಂಗೆ ನಿಂತಿತು. 9 ರೂಪಾಯಿಯದು 33ಕ್ಕೆ.

ಈಗ ಭಾಗಿಸಿ ನೋಡಿ. ಮೊದಲನೆಯವರ ಹತ್ತಿರ ಒಂದು ಕೆಜಿ ಡ್ರೈ ಮ್ಯಾಟರ್‌ಗೆ 33 ರೂಪಾಯಿ ಚಿಲ್ಲರೆ ಬೀಳುತ್ತದೆ. ಎರಡನೆಯವರ ಹತ್ತಿರ 27 ಚಿಲ್ಲರೆ. ಒಂದು ಟನ್ ಲೋಡ್ ಇಳಿಸಿಕೊಂಡರೆ ಮೊದಲನೆಯದರಲ್ಲಿ 760 ಕೆಜಿ ನೀರು! 450 ಕೆಜಿ ತೂಗುವ, ಚೆನ್ನಾಗಿ ಹಾಲು ಕೊಡುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ತಳಿಯ ಹಸುವಿಗೆ ಮೈತೂಕದ ಶೇ 3ರಷ್ಟು, ಅಂದರೆ ದಿನಕ್ಕೆ ಹದಿಮೂರೂವರೆ ಕೆಜಿ ಡ್ರೈ ಮ್ಯಾಟರ್ ಬೇಕು. ನಾನು ಒಂದೊಂದಕ್ಕೆ 20 ಕೆಜಿ ಸೈಲೇಜ್ ಹಾಕುತ್ತೇನೆ. ಒಳ್ಳೆಯದಾದರೆ ಅದರಲ್ಲಿ 6.6 ಕೆಜಿ ಸಿಗುತ್ತದೆ, ನೀರಿನದಾದರೆ 4.8. ವ್ಯತ್ಯಾಸ ತುಂಬಿಸಲು ಎರಡು ಕೆಜಿ ರಾಗಿ ಹುಲ್ಲು ಬೇಕು, ಆಗಲೂ ಜೋಳದ ಕಾಳಿನ ಶಕ್ತಿ ಹುಲ್ಲಿನಿಂದ ಬರುವುದಿಲ್ಲ. 8 ರೂಪಾಯಿಯ ಬೇಲ್ ಹಾಕುತ್ತಿದ್ದಾಗ ಹಸುಗಳು ಗೋದಲಿ ನೆಕ್ಕಿ ಮತ್ತೆ ಕೂಗುತ್ತಿದ್ದುದು ಸುಮ್ಮನೆ ಅಲ್ಲ.

ಹೀಗೆ ಹಸಿಯಾಗಿ ಕಡಿಯುವುದು ಯಾಕೆ ಅಂದರೆ, ಬೆಳೆದವರಿಗೂ ತೂಕದ ಮೇಲೆ ದುಡ್ಡು, ಬೇಲ್ ಮಾಡುವವರಿಗೂ ತೂಕದ ಮೇಲೆ ದುಡ್ಡು. ಹೊಲ ಬೇಗ ಖಾಲಿಯಾದರೆ ಇನ್ನೊಂದು ಬೆಳೆ ಇಡಬಹುದು. ಕಡಿಯುವ ಹದ ಗೊತ್ತಾಗಬೇಕಾದರೆ ತೆನೆ ಅರ್ಧಕ್ಕೆ ಮುರಿದು ಕಾಳು ನೋಡಬೇಕು. ಮೇಲ್ತುದಿಯಿಂದ ಹಳದಿ ಗಟ್ಟಿ ಭಾಗ ಇಳಿಯುತ್ತಾ ಬಂದು, ಬುಡದ ಬಿಳಿ ಹಾಲು ಅರ್ಧಕ್ಕೋ ಮೂರರಲ್ಲಿ ಒಂದು ಪಾಲಿಗೋ ಬಂದಿರಬೇಕು. ಅದನ್ನೂ ದಾಟಿ ಒಣಗಿಸಿದರೆ ಬೇರೆ ತಾಪತ್ರಯ: ಮೇವು ಒತ್ತಿ ಕೂರುವುದಿಲ್ಲ, ಒಳಗೆ ಗಾಳಿ ಉಳಿದು ಬೂಷ್ಟು ಹಿಡಿಯುತ್ತದೆ.

9 ರೂಪಾಯಿಯವರದ್ದು ಎಲ್ಲ ಸರಿ ಅಂತಲೂ ಅಲ್ಲ. ವಾಸನೆ ಚೆನ್ನಾಗಿದೆ, ಬಣ್ಣ ಹಳದಿ ಮಿಶ್ರಿತ ಹಸಿರು, ಸುತ್ತಿದ ಪ್ಲಾಸ್ಟಿಕ್ ಗಟ್ಟಿ. ಆದರೆ ಅವರ ಮಷಿನ್ ಕಾಳು ಒಡೆಯುವುದಿಲ್ಲ. ಸಗಣಿಯನ್ನು ಜರಡಿಯಲ್ಲಿ ಹಾಕಿ ನೀರು ಬಿಟ್ಟು ನೋಡಿದರೆ ಇಡೀ ಕಾಳುಗಳು ಹಾಗೇ ಹೊರಗೆ ಬಂದಿದ್ದವು. ಅಷ್ಟು ಪಿಷ್ಟ ತಿಪ್ಪೆಗೆ. ಬೇಲ್ ಮೇಲೆ ಕಡಿದ ತಾರೀಖೂ ಇಲ್ಲ, ಡ್ರೈ ಮ್ಯಾಟರೂ ಬರೆದಿಲ್ಲ. ಪಶು ಆಹಾರದ ಮೂಟೆಗೆ ತೇವಾಂಶ ಶೇ 11 ಮೀರಬಾರದು ಅಂತ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡ ಇದೆ. ಸೈಲೇಜ್ ಮಾರುವವರು ಕನಿಷ್ಠ ಒಂದು ಚೀಟಿ ಅಂಟಿಸಬಹುದಲ್ವಾ?

9 ರೂಪಾಯಿಯವರಿಗೆ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. 8 ರೂಪಾಯಿಯವರಿಗೆ ಒಂದು, ಅದೂ ಹೇಳಿದ ದಿನವೇ ತಂದು ಇಳಿಸಿದ್ದಕ್ಕೆ.

ಇನ್ನೊಂದು ವಿಷಯ. ಇಬ್ಬರದೂ 60 ಕೆಜಿಯ ಬೇಲ್. ನಮ್ಮಲ್ಲಿ ಬಿಚ್ಚಿದ್ದು ಅವತ್ತೇ ಖಾಲಿ. ಒಂದೇ ಹಸು ಇರುವವರಿಗೆ ಮೂರು ದಿನ ಬರುತ್ತದೆ. ಬಿಚ್ಚಿದ ಮೇಲೆ ಗಾಳಿ ತಗುಲಿ, ಬೇಸಿಗೆಯಲ್ಲಂತೂ ಬೇಗ ಬಿಸಿಯಾಗಿ ಕೆಡುತ್ತದೆ. ಅಂಥವರು ಪಕ್ಕದ ಮನೆಯವರ ಜೊತೆ ಸೇರಿ ಒಂದು ಬೇಲ್ ಹಂಚಿಕೊಳ್ಳುವುದು ಒಳ್ಳೆಯದು. ಸಣ್ಣ ಬೇಲ್ ಮಾಡಿ ಅಂತ 9 ರೂಪಾಯಿಯವರಿಗೆ ಹೇಳಿದ್ದೇನೆ, ನೋಡೋಣ ಅಂದಿದ್ದಾರೆ.